ಪ್ರಾಣ ಉಳಿಸುವ ಪಾಠಕ್ಕೆ ಎಂಥ ಜಾಗ?

ಮನುಷ್ಯನ ಹೃದಯ ಲಯ ತಪ್ಪಿ ನಿಲ್ಲುವುದಕ್ಕೆ ಹೊತ್ತುಗೊತ್ತಿಲ್ಲ. ವೈದ್ಯರು ಬರಲಿ ಎಂದು ಅದು ಕಾಯುವುದೂ ಇಲ್ಲ. ಹೃದಯವು ಬಡಿಯುವುದನ್ನು ಬಿಟ್ಟು ಬರಿದೇ ಅದುರತೊಡಗಿತೆಂದರೆ ರಕ್ತಸಂಚಾರ ನಿಲ್ಲುತ್ತದೆ. ಎದೆಯೊತ್ತುವ ಉಪಚಾರವೂ ದೊರೆಯದಿದ್ದಲ್ಲಿ, ಬದುಕುವ ಸಂಭವವು ಒಂದೊಂದು ನಿಮಿಷಕ್ಕೂ ನೂರಕ್ಕೆ 7ರಿಂದ 10ರಷ್ಟು ಕುಗ್ಗುತ್ತ ಹೋಗುತ್ತದೆ. ಆಗ ಪಕ್ಕದಲ್ಲಿದ್ದವರೇ ವೈದ್ಯರು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿಯೇ ಹಠಾತ್ತನೆ ತೀರಿಕೊಂಡಾಗ, ಈ ವಿಷಯ ನಾಡಿನ ಮನೆಮನೆಯ ಮಾತಾಯಿತು. ತರುವಾಯ ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿಯೇ ‘ಹೃದಯ ಜ್ಯೋತಿ’ ಯೋಜನೆಯನ್ನು ಕೈಗೊಂಡಿತು. ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಟ್ಟು ಲಯವನ್ನು ಮರಳಿಸುವ ‘ಡಿಫಿಬ್ರಿಲೇಟರ್’ ಯಂತ್ರಗಳನ್ನು ಜನಸಂದಣಿಯ ಸ್ಥಳಗಳಲ್ಲಿ ಇರಿಸುವುದೂ ಅದರ ಉದ್ದೇಶಗಳಲ್ಲಿ ಒಂದು. ಯಂತ್ರವೇನೋ ಜಾಣ, ಆಘಾತ ಬೇಕೇ ಬೇಡವೇ ಎಂಬುದನ್ನು ತಾನೇ ಪರೀಕ್ಷಿಸಿ ಹೇಳುತ್ತದೆ. ಆದರೆ ಅದನ್ನು ಗೋಡೆಯಿಂದ ಇಳಿಸಿ ತರುವ ಕೈಗಳು ಬೇಡವೇ?

ಈ ಕೈಗಳನ್ನು ಸಿದ್ಧಪಡಿಸಲು ಬಡಾವಣೆಯ ಸಂಘದವರು ಪ್ರಥಮ ಚಿಕಿತ್ಸೆಯ ತರಗತಿ ಏರ್ಪಡಿಸ ಹೊರಟಾಗ, ಕಲಿಸುವವರು ಯಾರೆಂದು ಬಹಳ ಯೋಚಿಸುತ್ತಾರೆ. ಎಲ್ಲಿ ಎಂಬುದನ್ನು ಕಡೆಗೆ ಬಿಡುತ್ತಾರೆ. ವಾಸ್ತವವಾಗಿ, ಯಾರು ಕಲಿಯುವರು ಎಂಬುದನ್ನು ನಿರ್ಧರಿಸುವುದು ಆ ಜಾಗವೇ.

ಅಮೆರಿಕದ ಜೂಜುಗೃಹಗಳಲ್ಲಿ ಈ ಯಂತ್ರದ ಬಳಕೆಯನ್ನು ಕಾವಲುಗಾರರಿಗೇ ಕಲಿಸಿದರು. 2000ದಲ್ಲಿ ಪ್ರಕಟವಾದ ವರದಿಯಂತೆ, ಕುಸಿದು 3 ನಿಮಿಷದೊಳಗೆ ಆಘಾತ ಪಡೆದವರಲ್ಲಿ ನೂರಕ್ಕೆ 74 ಮಂದಿ ಬದುಕಿ ಮನೆಗೆ ಮರಳಿದರು. 3 ನಿಮಿಷ ಮೀರಿದ ಮೇಲೆ ಪಡೆದವರಲ್ಲಿ 49 ಮಂದಿ. ಅಲ್ಲಿ ಪ್ರಾಣ ಉಳಿಸಿದವರು ಪಂಡಿತರಲ್ಲ, ಬಾಗಿಲು ಕಾಯುವವರು!

ನಮ್ಮಲ್ಲಾದರೋ ನಗರದ ನಡುವಣ ಹೋಟೆಲಿನ ತಂಪು ಸಭಾಂಗಣವನ್ನು ಗೊತ್ತುಮಾಡಿದರೆ ಬರುವವರು ಯಾರು? ಕಾರೂ ಬಿಡುವೂ ಉಳ್ಳವರು. ಹಗಲಿನಲ್ಲಿ ಮನೆಯಲ್ಲಿರುವ ಗೃಹಿಣಿ, ಅಡುಗೆಯಾಕೆ, ಕಾವಲುಗಾರ, ಅಜ್ಜಿ — ಇವರಾರೂ ಅಲ್ಲಿಗೆ ಬರಲಾರರು.

ಆದುದರಿಂದ ನಡೆದು ಹೋಗುವಷ್ಟು ಹತ್ತಿರದ ಜಾಗವೇ ಮೇಲು. ವಸತಿ ಸಮುಚ್ಚಯದ ಕೆಳ ಅಂತಸ್ತಿನ ಹಜಾರವಾಗಲಿ, ರಜೆಯ ದಿನ ಶಾಲೆಯ ಕೊಠಡಿಯಾಗಲಿ, ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆಗಳಿಲ್ಲದೆ ಬರಿದಾಗಿರುವ ಕಲ್ಯಾಣಮಂಟಪವಾಗಲಿ ಸಾಕು. ಮೆಟ್ಟಿಲು ಹತ್ತಬೇಕಾದಲ್ಲಿ ಹಿರಿಯರು ಹಿಂಜರಿಯುವರು.

ಇನ್ನೊಂದು ಮಾತು. ಇದು ಕುರ್ಚಿಯಲ್ಲಿ ಕುಳಿತು ಕೇಳುವ ಉಪನ್ಯಾಸವಲ್ಲ. ನೆಲದಲ್ಲಿ ಮಂಡಿಯೂರಿ ಮಾಡಬೇಕಾದ ಅಭ್ಯಾಸ. ವಯಸ್ಕರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವುದನ್ನು ಗೊಂಬೆಯ ಮೇಲೆ ಒಬ್ಬೊಬ್ಬರೂ ಮಾಡಿ ನೋಡಬೇಕು. ಆದಕಾರಣ ಕುರ್ಚಿಗಳನ್ನು ಸರಿಸಬಹುದೇ, ನೆಲ ಚೊಕ್ಕಟವಾಗಿದೆಯೇ, ಗೊಂಬೆಯ ಎರಡೂ ಬದಿಯಲ್ಲಿ ಜನ ಕೂರುವಷ್ಟು ಎಡೆಯುಂಟೇ ಎಂದು ನೋಡಬೇಕು. ಚಾಪೆ, ಫ್ಯಾನು, ಕುಡಿಯುವ ನೀರು, ಶೌಚಾಲಯ ಅವಶ್ಯ. ರಸ್ತೆಯ ಗದ್ದಲ ಒಳನುಗ್ಗುವ ಜಾಗ ಸಲ್ಲದು. ಯಂತ್ರ ಬಾಯಿಮಾತಿನಲ್ಲಿ ಕೊಡುವ ಸೂಚನೆ ಕಲಿಯುವವರ ಕಿವಿಗೆ ಬೀಳಬೇಕು. ಆ ಸೂಚನೆ ಇಂಗ್ಲಿಷಿನಲ್ಲಿದ್ದರೆ ಶಿಕ್ಷಕರು ಅದನ್ನು ಕನ್ನಡದಲ್ಲಿ ವಿವರಿಸಲಿ. ಗೊಂಬೆಯಾದರೂ ಎದೆಯ ಬಟ್ಟೆ ಸರಿಸುವಾಗ ಹೆಂಗಸರು ಸಂಕೋಚಪಡಬಹುದು. ಅವರಿಗಾಗಿ ಮರೆಯೊಂದಿದ್ದರೆ ಒಳ್ಳೆಯದು.

ಕಟ್ಟಡದಲ್ಲಿ ಯಂತ್ರವಿದ್ದರಂತೂ ಅಲ್ಲಿಯೇ ತರಗತಿ ನಡೆಯಲಿ. ಒಬ್ಬರು 108ಕ್ಕೆ ಕರೆ ಮಾಡುವಂತೆ, ಒಬ್ಬರು ಎದೆಯೊತ್ತುವಂತೆ, ಮತ್ತೊಬ್ಬರು ಯಂತ್ರವಿರುವ ಗೋಡೆಯವರೆಗೆ ಓಡಿ ಬರುವಂತೆ ಅಭಿನಯಿಸಿ, ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಲಿ. ಅಭ್ಯಾಸಕ್ಕೆ ಆಘಾತ ಕೊಡದ ಶಿಕ್ಷಣಯಂತ್ರವೇ ಇರಬೇಕೆಂಬುದನ್ನು ಮರೆಯಬಾರದು.

ಜಾಗ ಆರಿಸುವ ಹಿರಿಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಯಲ್ಲಿ ಯಾರಾದರೂ ಕುಸಿದು ಬಿದ್ದರೆ ಮೊದಲು ಓಡಿ ಬರುವವರು ಯಾರು? ಅವರು ಬಂದು ಕಲಿಯಬಲ್ಲ ಜಾಗವೇ ಯೋಗ್ಯವಾದ ಜಾಗ.