ಬಾಲ್ಕನಿಯ ಹರಿವೆಗೆ ಮುಷ್ಟಿ ಯೂರಿಯಾ ಬೇಕೇ?

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಫ್ಲಾಟುಗಳ ಬಾಲ್ಕನಿಯಲ್ಲಿ ತುಳಸಿಯ ಪಕ್ಕ ಒಂದು ಬಸಳೆ ಬಳ್ಳಿ, ಎರಡು ಕುಂಡ ಹರಿವೆ ಕಂಡರೆ ಸಾಕು, ಮನೆ ನಮ್ಮೂರಿನವರದ್ದೆಂದು ತಿಳಿಯಲು ನಾಮಫಲಕ ಓದಬೇಕಿಲ್ಲ. ಮಾಯಾಳು, ಲಾಲ್ ಮಾಠ್ ಎಂದು ಕೇಳಿದರೆ ಇವೆರಡೂ ಇಲ್ಲಿನ ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೂ ಕೈಯಾರೆ ಬೆಳೆದ ಸೊಪ್ಪಿನ ರುಚಿಯೇ ಬೇರೆ. ಊರಿನಲ್ಲಾದರೆ ಹಟ್ಟಿಗೊಬ್ಬರ, ಸುಡುಮಣ್ಣು ಇತ್ತು. ಇಲ್ಲಿ ನಮ್ಮ ಕೈಗೆ ಸುಲಭವಾಗಿ ಬರುವುದು ನರ್ಸರಿಯ ಪೊಟ್ಟಣದಲ್ಲಿನ ಬಿಳಿ ಯೂರಿಯಾ.

ಒಂದು ಮಳೆಗಾಲದಲ್ಲಿ ಕೋಕೋಪೀಟ್ ತುಂಬಿದ ಕುಂಡಕ್ಕೆ ನಾನೂ ಒಂದು ಮುಷ್ಟಿ ಯೂರಿಯಾ ಹಾಕಿದ್ದೆ. ವಾರದೊಳಗೆ ಹರಿವೆಯ ಎಲೆಯಂಚು ಸುಟ್ಟು, ಬೇರು ಕಂದಿ ಹೋಯಿತು. ತಪ್ಪು ಗೊಬ್ಬರದ್ದಲ್ಲ, ಕೈಯದ್ದು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಹೆಕ್ಟೇರಿಗೆ 100 ಕಿಲೋ ಸಾರಜನಕವೆಂದು ಲೆಕ್ಕ ಹಾಕಿದರೂ ಒಂದಡಿ ಅಗಲದ ಕುಂಡದ ಪಾಲಿಗೆ ಬರುವುದು ಸುಮಾರು ಒಂದೂವರೆ ಗ್ರಾಂ ಯೂರಿಯಾ ಮಾತ್ರ. ಮುಷ್ಟಿಯೆಲ್ಲಿ, ಒಂದೂವರೆ ಗ್ರಾಂ ಎಲ್ಲಿ!

ಸಾರಜನಕ ಎಂಬುದು ಒಂದೇ ಹೆಸರಾದರೂ ಗಿಡಕ್ಕೆ ಅದು ಬೇರೆ ಬೇರೆ ರೂಪದಲ್ಲಿ ತಲುಪುತ್ತದೆ. ಯೂರಿಯಾ ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಆ ಬಳಿಕ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಲದ ಮಣ್ಣಿನಲ್ಲಿ ಈ ಜೀವಿಗಳು ಧಾರಾಳ. ಹೊಸ ಕೋಕೋಪೀಟಿನಲ್ಲಿ ಅವು ವಿರಳವಾದ್ದರಿಂದ ಅಮೋನಿಯಂ ಶೇಖರವಾಗಿ ಬೇರನ್ನು ಸುಡುತ್ತದೆ, ಕ್ಯಾಲ್ಸಿಯಂ, ಪೊಟಾಸಿಯಂ ಹೀರಲೂ ಅಡ್ಡಿಯಾಗುತ್ತದೆ. ಹೆಚ್ಚಿನ ಸೊಪ್ಪುಗಳಿಗೆ ಒಗ್ಗುವುದು ಬಹುಪಾಲು ನೈಟ್ರೇಟ್, ಜೊತೆಗೆ ಸ್ವಲ್ಪ ಅಮೋನಿಯಂ.

ಹಾಗಾದರೆ ನೈಟ್ರೇಟ್ ಗೊಬ್ಬರವನ್ನೇ ಸುರಿಯೋಣವೇ? ಅಲ್ಲಿಯೂ ಒಂದು ತೊಡಕಿದೆ. ಹೀರಿಕೊಂಡ ನೈಟ್ರೇಟನ್ನು ಗಿಡ ಪ್ರೋಟೀನಾಗಿ ಪರಿವರ್ತಿಸಲು ಬೆಳಕು ಬೇಕು. ಅದನ್ನು ಮಾಡುವ ಕಿಣ್ವ ನೆರಳಿನಲ್ಲಿ ಮಂಕಾಗುತ್ತದೆ. ಆಷಾಢದ ಮೋಡ, ಎದುರು ಕಟ್ಟಡದ ನೆರಳು ಎರಡೂ ಸೇರಿದ ನಮ್ಮ ಬಾಲ್ಕನಿಯಲ್ಲಿ ಗೊಬ್ಬರ ಹೆಚ್ಚಿದಷ್ಟೂ ನೈಟ್ರೇಟ್ ಎಲೆಯಲ್ಲಿ ಹಾಗೆಯೇ ಉಳಿಯುತ್ತದೆ. ಸೊಪ್ಪು ಕಡು ಹಸಿರಾಗಿ ನಳನಳಿಸುತ್ತದೆ, ನಿಜ. ಆದರೆ ಎಲೆಯಲ್ಲಿ ನೀರಿನಂಶ ಹೆಚ್ಚಿ ಬೇಗನೆ ಕೊಳೆಯುತ್ತದೆ, ವಿಟಮಿನ್ ಸಿ ಕೂಡ ಇಳಿಯುತ್ತದೆ.

ಆರೋಗ್ಯವಂತ ವಯಸ್ಕರು ಇದಕ್ಕೆ ಹೆದರಿ ಸೊಪ್ಪು ಬಿಡಬೇಕಾಗಿಲ್ಲ. ಎಚ್ಚರ ಬೇಕಾದದ್ದು ಹಸುಗೂಸುಗಳ ವಿಷಯದಲ್ಲಿ. ಬೇಯಿಸಿದ ಸೊಪ್ಪನ್ನು ಹೊರಗೆ ಗಂಟೆಗಟ್ಟಲೆ ಇಟ್ಟರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಅದು ಶಿಶುವಿನ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸಿ ಮೈ ನೀಲಿಗಟ್ಟಿಸಬಲ್ಲದು. ಬೆಳಿಗ್ಗೆ ಪಾಲಕ್ ಬೇಯಿಸಿಟ್ಟು ಸಂಜೆ ಮಗುವಿಗೆ ತಿನ್ನಿಸುವ ಕೆಲಸಕ್ಕೆ ಹೋಗುವ ತಾಯಂದಿರಿಗೆ ಈ ಮಾತನ್ನು ಯಾರಾದರೂ ಹೇಳಲೇಬೇಕು. ಆಗಷ್ಟೇ ಬೇಯಿಸಿದ್ದನ್ನು ಕೊಡಿ, ಮಿಕ್ಕದ್ದನ್ನು ತಕ್ಷಣ ಫ್ರಿಜ್ಜಿನಲ್ಲಿಡಿ.

ನೈಟ್ರೇಟ್ ಎಲೆಗಿಂತ ತೊಟ್ಟು, ದಂಟಿನಲ್ಲಿಯೇ ಹೆಚ್ಚು. ಹಾಗೆಂದು ಹರಿವೆ ದಂಟಿನ ಹುಳಿ ಬಿಡಿ ಎಂದರೆ ನಮ್ಮವರು ಕೇಳುವವರಲ್ಲ, ನಾನೂ ಬಿಟ್ಟಿಲ್ಲ. ಕೊಯ್ಲಿಗೆ ಹತ್ತು ದಿನ ಮೊದಲೇ ಸಾರಜನಕ ಕೊಡುವುದನ್ನು ನಿಲ್ಲಿಸುತ್ತೇನೆ, ದಿನವಿಡೀ ಬಿಸಿಲು ಕಂಡ ಗಿಡವನ್ನು ಸಂಜೆ ಕೊಯ್ಯುತ್ತೇನೆ. ಯೂರಿಯಾ ಹಾಕಲೇಬೇಕಾದರೆ ಲೀಟರ್ ನೀರಿಗೆ ಒಂದು ಗ್ರಾಂ ಮೀರದಂತೆ ಕರಗಿಸಿ, ಹದಿನೈದು ದಿನಕ್ಕೊಮ್ಮೆ. ಈಗ ಹೆಚ್ಚಾಗಿ ಕುಂಡಕ್ಕೆ ಎರೆಗೊಬ್ಬರ, ನೆನೆಸಿದ ನೆಲಗಡಲೆ ಹಿಂಡಿಯ ತಿಳಿನೀರು ಹಾಕುತ್ತೇನೆ. ಹಿಂಡಿಯ ವಾಸನೆಗೆ ಮೇಲಿನ ಮನೆಯವರು ಒಮ್ಮೆ ಸೊಸೈಟಿಯಲ್ಲಿ ದೂರು ಕೊಟ್ಟಿದ್ದರು. ಒಂದು ಕಟ್ಟು ಬಸಳೆ ಕಳುಹಿಸಿದ ಮೇಲೆ ಸುಮ್ಮನಾದರು.