ಬಿಸಿಲಿಗೆ ಬೆಲೆ ಕಟ್ಟುವವರು

ರೇಷ್ಮೆ ಸೊಪ್ಪಿಗೆ ನೀರು ಬೇಕು, ನೀರಿಗೆ ತ್ರೀ ಫೇಸ್ ಕರೆಂಟು ಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳಲೇಬೇಕು. ಆ ಸೊಪ್ಪು ತೋಟದಲ್ಲಿರಬೇಕಾದರೆ ವಾರಗಳ ಹಿಂದೆಯೇ ನೀರು ಹರಿದಿರಬೇಕು. ಕರೆಂಟು ಬರುವುದೇ ನಡುರಾತ್ರಿ ಎಂದಾದರೆ ಟಾರ್ಚು ಹಿಡಿದು, ಹಾವು ಚೇಳಿಗೆ ಹೆದರುತ್ತಲೇ ಮೋಟರು ಹಾಕಲು ಹೋಗಬೇಕು.

ಹೊಲದ ಮೇಲೆ ಬೀಳುವ ಬಿಸಿಲಿನಿಂದಲೇ ಆ ಕರೆಂಟು ತೆಗೆಯುವ ‘ಸೂರ್ಯ ರೈತ’ ಯೋಜನೆಯನ್ನು ರಾಜ್ಯ ಸರ್ಕಾರ 2014ರಲ್ಲಿ ಪ್ರಕಟಿಸಿತು. ಪ್ರಯೋಗಕ್ಕೆ ಆಯ್ಕೆಯಾದದ್ದು ಕನಕಪುರ ತಾಲ್ಲೂಕಿನ ಹಾರೋಬೆಲೆ ಸುತ್ತಿನ ಸುಮಾರು 300 ಪಂಪ್‌ಸೆಟ್‌ಗಳು. ಮೋಟರಿಗೆ ಬೇಕಾದದ್ದಕ್ಕಿಂತ ಹೆಚ್ಚು ಸಾಮರ್ಥ್ಯದ ಫಲಕ ಹಾಕುವುದು, ರೈತ ಬಳಸಿ ಉಳಿದ ಕರೆಂಟನ್ನು ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಕೊಳ್ಳುವುದು, ಇದಿಷ್ಟು ಲೆಕ್ಕ. ಸಬ್ಸಿಡಿ ಪಡೆದವರಿಗೆ ಯೂನಿಟ್‌ಗೆ 7.20 ರೂಪಾಯಿ, ಪಡೆಯದವರಿಗೆ 9.56. ಕನಕಪುರದ ರೈತರಿಗೆ ಸಲ್ಲಬೇಕಾದ 7.20ರಲ್ಲಿ 6.20 ಫಲಕದ ಸಾಲಕ್ಕೆ ಜಮಾ ಆಗಿ, 1 ರೂಪಾಯಿ ಕೈಗೆ ಸಿಗುವಂತೆ ಏರ್ಪಾಡಾಯಿತು. ನೀರನ್ನು ಸುಮ್ಮನೆ ಹರಿಯಬಿಡುವ ಬದಲು ಕರೆಂಟು ಮಾರಿದರೆ ನಾಲ್ಕು ಕಾಸು ಬರುತ್ತದೆ ಎಂಬ ಆಸೆ ಹುಟ್ಟಿದರೆ ಅಂತರ್ಜಲವೂ ಉಳಿದೀತು ಎಂಬ ದೂರದ ಎಣಿಕೆಯೂ ಇದರಲ್ಲಿತ್ತು. ನನ್ನ ಮಟ್ಟಿಗೆ ಈ ಯೋಜನೆಯ ಅತ್ಯಂತ ಬೆಲೆಬಾಳುವ ವಿಚಾರ ಅದೇ.

ಈ 7.20, 9.56 ಎಂಬ ಅಂಕಿಗಳನ್ನು ನಿಗದಿ ಮಾಡಿದ್ದು ಮಂತ್ರಿಗಳಲ್ಲ, ಬೆಸ್ಕಾಂ ಕೂಡ ಅಲ್ಲ. ಬೆಂಗಳೂರಿನ ವಸಂತನಗರದಲ್ಲಿ ಕಚೇರಿ ಇರುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, 2013ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದ ದರಗಳಿವು. ವಿದ್ಯುತ್ ಕಂಪನಿಗಳು ಯಾರಿಂದ, ಎಷ್ಟಕ್ಕೆ ಕರೆಂಟು ಕೊಳ್ಳಬೇಕು, ಅದರಲ್ಲಿ ಸೌರವಿದ್ಯುತ್ತಿನ ಪಾಲು ಕನಿಷ್ಠ ಎಷ್ಟಿರಬೇಕು, ಇವೆಲ್ಲ 2003ರ ವಿದ್ಯುಚ್ಛಕ್ತಿ ಕಾಯ್ದೆಯ 86ನೇ ಸೆಕ್ಷನ್ನಿನಡಿ ಆಯೋಗದ ಕೆಲಸ. ಆಯೋಗ ಒಪ್ಪದ ಖರೀದಿ ಒಪ್ಪಂದ ಊರ್ಜಿತವಾಗದು.

ಸೌರ ಘಟಕಗಳಿಗೆ ಆಯೋಗ ಕಟ್ಟುತ್ತ ಬಂದ ಬೆಲೆ ನೋಡಿ: 2010ರಲ್ಲಿ ಯೂನಿಟ್‌ಗೆ 14.50 ರೂಪಾಯಿ, 2013ರಲ್ಲಿ 8.40, 2015ರಲ್ಲಿ 6.51, 2017ರಲ್ಲಿ 4.36, 2018ರಲ್ಲಿ 3.05. ಫಲಕದ ಬೆಲೆ ಇಳಿದಂತೆ ದರವೂ ಇಳಿಯಬೇಕಾದದ್ದು ನ್ಯಾಯವೇ. ಇಲ್ಲದಿದ್ದರೆ ಆ ಹೊರೆ ಮನೆಮನೆಯ ಬಿಲ್ಲಿಗೆ ಬರುತ್ತದೆ. ಇಳಿಸಿದ ದರ ಯಾರಿಗೆ ಅನ್ವಯಿಸಬೇಕು ಎಂಬಲ್ಲಿ ತಕರಾರು ಎದ್ದಿತು.

2014ರ ಆಗಸ್ಟ್‌ನಲ್ಲಿ ಸರ್ಕಾರ ಇನ್ನೊಂದು ಯೋಜನೆ ತಂದಿತ್ತು. ಜಮೀನುಳ್ಳ ರೈತರೇ 1ರಿಂದ 3 ಮೆಗಾವಾಟ್ ಘಟಕ ಹಾಕಿ ಯೂನಿಟ್‌ಗೆ 8.40ರಂತೆ ಮಾರಬಹುದಿತ್ತು; ಒಪ್ಪಂದವಾದ 18 ತಿಂಗಳಲ್ಲಿ ಘಟಕ ಚಾಲೂ ಆಗಬೇಕಿತ್ತು. ಅಷ್ಟರಲ್ಲಿ ಭೂಪರಿವರ್ತನೆ ಆಗಬೇಕು, ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಒಪ್ಪಿಗೆ ಬೇಕು, ಸಬ್‌ಸ್ಟೇಷನ್ನಿಗೆ ಲೈನು ಎಳೆಯಬೇಕು. ಕಂದಾಯ ಇಲಾಖೆಯಲ್ಲಿ ಒಂದು ಕಡತ ಸಾಗುವ ವೇಗ ಎಲ್ಲರಿಗೂ ಗೊತ್ತು. ವಿದ್ಯುತ್ ಕಂಪನಿಗಳು ಗಡುವು ವಿಸ್ತರಿಸಿದವು. ಆಯೋಗ ಅದನ್ನು ಮಾನ್ಯ ಮಾಡದೆ, ತಡವಾದ ಘಟಕಗಳಿಗೆ ಇಳಿಸಿದ ದರವೇ ಸಾಕೆಂದಿತು. 8.40 ನಂಬಿ ಬ್ಯಾಂಕ್ ಸಾಲ ಎತ್ತಿದವರಿಗೆ ಇದು ದಿಕ್ಕೆಡಿಸಿದ ಆದೇಶ. ವ್ಯಾಜ್ಯ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಇಂಥ ವ್ಯಾಜ್ಯಗಳಲ್ಲೊಂದಾದ ಹಿರೇಹಳ್ಳಿ ಸೋಲಾರ್ ಪ್ರಕರಣದಲ್ಲಿ ಬೆಸ್ಕಾಂ ಮೇಲ್ಮನವಿ ಅಲ್ಲಿ ವಜಾ ಆದದ್ದು 2024ರ ಆಗಸ್ಟ್‌ನಲ್ಲಿ. ಸರ್ಕಾರಿ ಕಚೇರಿಗಳ ವಿಳಂಬಕ್ಕೆ ಘಟಕ ಹಾಕಿದವರನ್ನು ಹೊಣೆ ಮಾಡಬಾರದಿತ್ತು, ಕೊಟ್ಟ ದರ ಕೊಟ್ಟದ್ದೇ ಆಗಬೇಕಿತ್ತು. ಅದನ್ನು ಹೇಳಿಸಿಕೊಳ್ಳಲು ಇಷ್ಟು ವರ್ಷ ಕೋರ್ಟು ಅಲೆಯಬೇಕಾಯಿತು. ದೊಡ್ಡ ಕಂಪನಿಗಾದರೆ ಅಷ್ಟು ತಾಳುವ ಶಕ್ತಿ ಇರುತ್ತದೆ, ಮೂರ್ನಾಲ್ಕು ಎಕರೆಯ ಕುಟುಂಬಕ್ಕೆ ಇರುವುದಿಲ್ಲ.

ದರವೊಂದೇ ಸಾಲದು ಎಂಬುದಕ್ಕೂ ಹಾರೋಬೆಲೆಯಂಥ ಪ್ರಯೋಗವೇ ಪಾಠ. ಲೈನಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರು ಲೈನಿನಲ್ಲಿ ಕರೆಂಟು ಹೋದ ತಕ್ಷಣ ತಾನೂ ನಿಂತುಬಿಡುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ ಜೀವ ಉಳಿಯಬೇಕಾದರೆ ಹಾಗೆ ನಿಲ್ಲಲೇಬೇಕು. ಆದ್ದರಿಂದ ಫೀಡರು ಸತ್ತಿದ್ದರೆ ಸುಡುವ ಮಧ್ಯಾಹ್ನದಲ್ಲೂ ಮೀಟರು ಓಡುವುದಿಲ್ಲ. ಹಗಲು ಫೀಡರು ಜೀವಂತ ಇರುವಂತೆ ನೋಡಿಕೊಳ್ಳುವುದು ಬೆಸ್ಕಾಂ ಕರ್ತವ್ಯ, ಪೂರೈಕೆಯ ಗುಣಮಟ್ಟಕ್ಕೆ ಮಾನದಂಡ ಹಾಕುವುದು ಆಯೋಗದ ಅಧಿಕಾರ.

ದೆಹಲಿಯ ಪಾತ್ರವೇನು? ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮುಖ್ಯವಾಗಿ ರಾಜ್ಯ ರಾಜ್ಯಗಳ ನಡುವಿನ ವಿದ್ಯುತ್ ಸಾಗಣೆ ನೋಡಿಕೊಳ್ಳುತ್ತದೆ. ರಾಜ್ಯದೊಳಗಿನ ಮಾತು ಕೆಇಆರ್‌ಸಿಯದು. ಈ ಗಡಿ ಎಲ್ಲಿದೆ ಎಂಬ ಪ್ರಶ್ನೆ ಈಚೆಗೆ ಮತ್ತೆ ಎದ್ದಿತು. ಕೈಗಾರಿಕೆಗಳು ಸೌರ ಘಟಕಗಳಿಂದ ನೇರವಾಗಿ ಕರೆಂಟು ಕೊಳ್ಳುವುದಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ನಿಯಮಗಳನ್ನು ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿ, ಆ ಅಧಿಕಾರ ರಾಜ್ಯ ಆಯೋಗದ್ದು ಎಂದಿತು. ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಇದು ನೇರವಾಗಿ ತಟ್ಟುವ ವಿಷಯ.

ಪಾವಗಡದಂತೆ 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕು ಮಾಡುವ ನೆಲ ನಮ್ಮ ಸೀಮೆಯ ತಾಲ್ಲೂಕುಗಳಲ್ಲಿಲ್ಲ. ಮಾವು, ತೆಂಗು, ರಾಗಿ, ರೇಷ್ಮೆಯ ತುಂಡು ಹಿಡುವಳಿಗಳಿವು. 1 ಮೆಗಾವಾಟ್‌ಗೆ 4–5 ಎಕರೆ ಬೇಕು. ಹಾಗಾಗಿ ಇಲ್ಲಿಗೆ ಒಗ್ಗುವುದು ಸಬ್‌ಸ್ಟೇಷನ್ ಪಕ್ಕದಲ್ಲಿ ಸಣ್ಣ ಘಟಕ ಹಾಕಿ ಪಂಪ್‌ಸೆಟ್ ಫೀಡರಿಗೆ ಹಗಲಲ್ಲೇ ಕರೆಂಟು ಕೊಡುವ, ಕೇಂದ್ರ ಸರ್ಕಾರದ ಕುಸುಮ್–ಸಿ ಯೋಜನೆಯ ಮಾದರಿ. ಅದಕ್ಕೆ ಕೇಂದ್ರ ಶೇ 30ರವರೆಗೆ, ಮೆಗಾವಾಟ್‌ಗೆ ಗರಿಷ್ಠ 1.05 ಕೋಟಿ ರೂಪಾಯಿ ನೆರವು ಕೊಡುತ್ತದೆ. ಇಲ್ಲಿ ದರ ಟೆಂಡರಿನಲ್ಲಿ ತೀರ್ಮಾನವಾದರೂ ಮುದ್ರೆ ಒತ್ತುವುದು ಆಯೋಗವೇ.

ದರ ಪರಿಷ್ಕರಣೆಗೆ ಮುನ್ನ ಅರ್ಜಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಬೇಕು ಎಂದು ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ. ಆಕ್ಷೇಪಣೆ ಸಲ್ಲಿಸಲು ವಕೀಲರೇ ಆಗಬೇಕಿಲ್ಲ. ರೇಷ್ಮೆ ಬೆಳೆಗಾರರ ಸಂಘಗಳು, ಹಾಲಿನ ಸೊಸೈಟಿಗಳು, ಗ್ರಾಮ ಪಂಚಾಯಿತಿಗಳವರೇ, ಮುಂದಿನ ಪ್ರಕಟಣೆ ಬಂದಾಗ ನಿಮ್ಮ ಫೀಡರಿನ ಹೆಸರು ಹಾಕಿ, ಹಗಲು ಎಷ್ಟು ಗಂಟೆ ತ್ರೀ ಫೇಸ್ ಬಂತೆಂದು ದಿನಾಂಕದ ಸಮೇತ ಕನ್ನಡದಲ್ಲೇ ಬರೆದು ಕಳಿಸಿ. ವಿಚಾರಣೆಯ ದಿನ ವಸಂತನಗರಕ್ಕೆ ನೀವೇ ಹೋಗಿ ಮಾತಾಡಿ.