ಕೂಸು ಉಣ್ಣವಲ್ದು ಅಂದ್ರ ಹಟ ಅಲ್ಲ: ಮನೆಯಲ್ಲೇ ಮಾಡಬಹುದಾದ ಉಣಿಸುವ ಚಿಕಿತ್ಸೆ



ಅರಕೇರಿಯಂಥ ಊರಲ್ಲಿ ಸಂಘದ ವಾರದ ಸಭೆ ನಡೆದಿದೆ ಎಂದು ತಿಳಿಯಿರಿ. ಉಳಿತಾಯ ಬರೆದಾಯಿತು, ಸಾಲದ ಕಂತು ಕಟ್ಟಿದ್ದಾಯಿತು. ಒಬ್ಬ ಸದಸ್ಯೆ ಮಾತ್ರ ಮೂರು ವಾರದಿಂದ ಬಂದಿಲ್ಲ. ಕೇಳಿದರೆ, "ಕೂಸಿಗೆ ಉಣಿಸೂದರಾಗ ದಿನಾ ಹೋಗತೈತ್ರಿ. ಒಂದು ಬಟ್ಟಲ ಗಂಜಿಗೆ ಒಂದು ತಾಸು. ಅರ್ಧ ಉಗುಳತೈತಿ, ಅರ್ಧ ಕೆಮ್ಮತೈತಿ" ಅನ್ನುತ್ತಾಳೆ. ಮನೆಯವರು "ನಿನಗ ಉಣಿಸಾಕ ಬರೂದಿಲ್ಲ" ಎಂದು ಆಕೆಯನ್ನೇ ಬೈಯುತ್ತಾರೆ. ಇಂಥ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ತಪ್ಪು ತಾಯಿಯದೂ ಅಲ್ಲ, ಕೂಸಿನದೂ ಅಲ್ಲ.

ಯಾಕೆ ಹೀಗಾಗುತ್ತದೆ?

ಒಂದು ತುತ್ತು ನುಂಗಲು ತುಟಿ, ನಾಲಿಗೆ, ದವಡೆ, ಗಂಟಲು ಎಲ್ಲವೂ ಕೂಡಿ ಕೆಲಸ ಮಾಡಬೇಕು. ಹುಟ್ಟಿದ ಕೂಡಲೇ ಅಳದ, ಮಿದುಳಿಗೆ ಆಮ್ಲಜನಕ ಕಡಿಮೆಯಾದ, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೆಲವು ಮಕ್ಕಳಲ್ಲಿ ಈ ಹೊಂದಾಣಿಕೆ ತಪ್ಪುತ್ತದೆ. ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಡೌನ್ ಸಿಂಡ್ರೋಮ್, ಸೀಳು ಅಂಗುಳ ಇರುವ ಮಕ್ಕಳಲ್ಲೂ ಈ ತೊಂದರೆ ಹೆಚ್ಚು. ಬರೆ ಹಾಕಿಸುವುದರಿಂದ ಇದು ಹೋಗುವುದಿಲ್ಲ. ಕೂಸಿಗೆ ಸುಟ್ಟ ಗಾಯ, ನಂಜು ಆಗುತ್ತದೆ ಅಷ್ಟೇ.

ಈ ಲಕ್ಷಣ ಇದ್ದರೆ ಗಮನಿಸಿ:

* ತುತ್ತನ್ನು ನಾಲಿಗೆ ಹೊರಗೆ ದಬ್ಬುವುದು, ಚಮಚ ಕಚ್ಚಿ ಹಿಡಿಯುವುದು
* ಕುಡಿಯುವಾಗ ಕೆಮ್ಮು, ಮೂಗಿನಿಂದ ಹಾಲು ಬರುವುದು
* ಊಟ ಅರ್ಧ ತಾಸಿಗಿಂತ ಹೆಚ್ಚು ಹಿಡಿಯುವುದು
* ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರದಿರುವುದು
* ಮೇಲಿಂದ ಮೇಲೆ ಜ್ವರ, ಎದೆಯಲ್ಲಿ ಗೊರಗೊರ ಸಪ್ಪಳ

ಮಲಗಿಸಿ ಉಣಿಸಬೇಡಿ

ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಗಂಟಲಿಗೆ ಸುರಿಯುವುದು ನಮ್ಮಲ್ಲಿ ಹಳೇ ರೂಢಿ. ಇದು ಬಹಳ ಅಪಾಯ. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ಬಾಯಿ ತೆರೆದಿರುತ್ತದೆ. ಗಂಜಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ನ್ಯುಮೋನಿಯಾ ಆಗಬಹುದು, ಜೀವಕ್ಕೂ ಕುತ್ತು ಬರಬಹುದು. ಅಳುವಾಗ, ತೂಕಡಿಸುವಾಗ, ಮೂರ್ಛೆ ಬಂದು ಪೂರ್ತಿ ಎಚ್ಚರ ಆಗದಿರುವಾಗಲೂ ಬಾಯಿಗೆ ಏನೂ ಹಾಕಬಾರದು.

ಆಕ್ಯುಪೇಶನಲ್ ಥೆರಪಿ ಎಂದರೇನು?

ಉಣ್ಣುವುದು, ಉಡುವುದು, ಆಡುವುದು ಇಂಥ ದಿನನಿತ್ಯದ ಕೆಲಸಗಳನ್ನು ಕೂಸು ತಾನಾಗಿ ಮಾಡುವಂತೆ ಹಂತ ಹಂತವಾಗಿ ಕಲಿಸುವ ಚಿಕಿತ್ಸೆ ಇದು. ಮಾತ್ರೆ ಅಲ್ಲ, ಸೂಜಿ ಅಲ್ಲ. ಮೊದಲು ತಜ್ಞರು ಕೂಸನ್ನು ನೋಡಿ ಹೇಳಿಕೊಡುತ್ತಾರೆ. ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ ಮಾಡುವವಳು ಮನೆಯ ತಾಯಿಯೇ.

ಮನೆಯಲ್ಲಿ ಹೀಗೆ ಮಾಡಿ

1. ಕೂಡಿಸುವುದು: ಬೆನ್ನು ನೆಟ್ಟಗೆ, ಸೊಂಟ ಮತ್ತು ಮೊಣಕಾಲು ಮಡಚಿ, ಪಾದಕ್ಕೆ ಆಧಾರ ಕೊಟ್ಟು ಕೂಡಿಸಿ. ತಲೆ ತುಸು ಮುಂದಕ್ಕೆ ಬಾಗಿರಲಿ. ಕುರ್ಚಿ ಬೇಕೆಂದೇನಿಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಕೌದಿ ಮಡಚಿ ಎರಡೂ ಪಕ್ಕಕ್ಕೆ ಇಟ್ಟರೆ ಒಳ್ಳೆಯ ಆಸರೆ ಆಗುತ್ತದೆ. ತಲೆ ನಿಲ್ಲದ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಭುಜದ ಹಿಂದೆ ತೋಳು ಕೊಟ್ಟು ಹಿಡಿಯಿರಿ. ನೀವು ಎದುರಿಗೆ, ಕೂಸಿನ ಕಣ್ಣಿನ ಮಟ್ಟಕ್ಕೆ ಕೂಡ್ರಿ. ನಿಂತು ಉಣಿಸಿದರೆ ಕೂಸು ತಲೆ ಮೇಲೆತ್ತುತ್ತದೆ.

2. ಊಟದ ಹದ: ತೆಳ್ಳಗಿನ ಅಂಬಲಿ ಬೇಗ ಜಾರಿ ಕೆಮ್ಮು ತರುತ್ತದೆ. ಹಾಲಿನಲ್ಲಿ ರೊಟ್ಟಿ ಚೂರು ತೇಲುವ ಊಟ ಇನ್ನೂ ಕಷ್ಟ. ರೊಟ್ಟಿ ನೆನೆಸಿ ಪೂರ್ತಿ ಕಿವುಚಿ, ಇಲ್ಲವೇ ಜೋಳದ ನುಚ್ಚು, ಹೆಸರುಬೇಳೆ ಮೆತ್ತಗೆ ಬೇಯಿಸಿ ಅರೆಯಿರಿ. ಚಮಚ ಓರೆ ಮಾಡಿದರೆ ಸರ್ರನೆ ಹರಿಯಬಾರದು, ನಿಧಾನವಾಗಿ ಜಾರಬೇಕು. ಒಂದು ಚಮಚ ತುಪ್ಪ ಅಥವಾ ಎಣ್ಣೆ ಬೆರೆಸಿದರೆ ಕಡಿಮೆ ಊಟದಲ್ಲೂ ಶಕ್ತಿ ಸಿಗುತ್ತದೆ. ಇಡೀ ಶೇಂಗಾ, ಕಡಲೆ ಮಾತ್ರ ಕೊಡಬೇಡಿ. ಉಸಿರು ಕಟ್ಟುತ್ತದೆ.

3. ಚಮಚ: ಚಿಕ್ಕ, ಚಪ್ಪಟೆ ಚಮಚ ಇರಲಿ. ಅರ್ಧ ತುಂಬಿಸಿ ನಾಲಿಗೆಯ ನಡುವೆ ಇಟ್ಟು ಹಗುರವಾಗಿ ಒತ್ತಿ, ತುಟಿ ಮುಚ್ಚುವತನಕ ಕಾಯಿರಿ. ಮೇಲಿನ ಹಲ್ಲಿಗೆ ಸವರಿ ಎಳೆಯಬೇಡಿ. ನುಂಗಿದ್ದು ಖಾತ್ರಿ ಆದ ಮೇಲೆಯೇ ಮುಂದಿನ ತುತ್ತು.

4. ಮುಟ್ಟಿಸಿ ರೂಢಿ ಮಾಡುವುದು: ಕೆಲವು ಕೂಸುಗಳಿಗೆ ಬಾಯಿ ಮುಟ್ಟಿದರೇ ಓಕರಿಕೆ ಬರುತ್ತದೆ. ಊಟಕ್ಕೆ ಮೊದಲು ಕೈ, ಕೆನ್ನೆ, ಆಮೇಲೆ ತುಟಿ, ಹೀಗೆ ಮೆಲ್ಲಗೆ ಒತ್ತಿ ಸವರಿ. ಅನ್ನ, ಮೊಸರಲ್ಲಿ ಕೂಸು ಕೈ ಆಡಿಸಲಿ. ಚೆಲ್ಲಿದರೆ ಬೈಯಬೇಡಿ, ಅದೂ ಕಲಿಕೆಯೇ.

5. ತಾನೇ ಉಣ್ಣಲು: ಚಮಚದ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ತಾಟಿನ ಕೆಳಗೆ ಒದ್ದೆ ಅರಿವೆ ಹಾಕಿದರೆ ಜಾರುವುದಿಲ್ಲ. ಕೂಸಿನ ಕೈ ಮೇಲೆ ನಿಮ್ಮ ಕೈ ಇಟ್ಟು ಬಾಯಿತನಕ ಒಯ್ಯಿರಿ. ದಿನ ಕಳೆದಂತೆ ನಿಮ್ಮ ಕೈ ಸಡಿಲ ಬಿಡಿ.

ಒಂದು ಊಟ ಅರ್ಧ ತಾಸು ಸಾಕು. ಆಮೇಲೆ ಸ್ವಚ್ಛ ಅರಿವೆಯಿಂದ ಬಾಯಿ ಒರೆಸಿ, ಇನ್ನೂ ಅರ್ಧ ತಾಸು ಮಲಗಿಸಬೇಡಿ. ಉಣ್ಣುವಾಗ ಕೂಸು ನೀಲಿಯಾದರೆ, ಉಸಿರು ಜೋರಾದರೆ, ಉಚ್ಚೆ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಎಲ್ಲಿ ಕೇಳಬೇಕು?

ಮೊದಲು ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಅವರಿಗೆ ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. 18 ವರ್ಷದವರೆಗಿನ ಮಕ್ಕಳಿಗೆ ಇದು ಉಚಿತ. ಹೆಚ್ಚಿನ ಚಿಕಿತ್ಸೆಗೆ ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರಕ್ಕೆ ಚೀಟಿ ಬರೆದು ಕೊಡಲು ಕೇಳಿ. ಸೆರೆಬ್ರಲ್ ಪಾಲ್ಸಿ ಎಂದು ಗೊತ್ತಾದರೆ ಅಂಗವಿಕಲತೆಯ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿತನಕದ ಸೌಲಭ್ಯದಲ್ಲಿ ಥೆರಪಿಯ ಖರ್ಚಿಗೂ ಅವಕಾಶ ಇದೆ.

ಸಂಘ ಏನು ಮಾಡಬಹುದು?

ವಿಜಯಪುರಕ್ಕೆ ಹೋಗಿಬರುವ ಬಸ್ ಖರ್ಚಿಗೆ, ಒಂದು ದಿನದ ಕೂಲಿ ತಪ್ಪಿದ್ದಕ್ಕೆ ಆಂತರಿಕ ಸಾಲ ಕೊಡಬಹುದು. ಇಬ್ಬರು ಸದಸ್ಯೆಯರು ಉಣಿಸುವ ರೀತಿ ಕಲಿತು ವಾರಕ್ಕೆ ಎರಡು ಹೊತ್ತು ಆ ತಾಯಿಗೆ ಕೈಗೂಡಿಸಬಹುದು. ಅತ್ತೆಯವರನ್ನೂ ಕೂಡಿಸಿ ಇದನ್ನು ಓದಿ ಹೇಳಬಹುದು.

ಮುಂದಿನ ಸಭೆಯಲ್ಲಿ ಚರ್ಚಿಸಿ:

* ನಮ್ಮ ಓಣಿಯಲ್ಲಿ ಇಂಥ ಕೂಸು ಇದೆಯೇ? ಅದರ ತೂಕ ಕೊನೆಗೆ ಯಾವಾಗ ನೋಡಿದ್ದು?
* ಅದರ ತಾಯಿ ಸಭೆಗೆ ಬರಲು ಏನು ಅಡ್ಡಿ?
* ಈ ವಾರ ಆಕೆಯ ಮನೆಗೆ ಯಾರು ಹೋಗುತ್ತೀರಿ?

ಹೆಸರು ಬರೆದುಕೊಂಡೇ ಸಭೆ ಮುಗಿಸಿ. ಒಂದು ತುತ್ತು ಸರಿಯಾಗಿ ನುಂಗಲು ಕಲಿತರೆ, ಅದು ಆ ಕೂಸಿಗೆ ದೊಡ್ಡ ಹೆಜ್ಜೆ.